ಶಹನಾಜ್ ಕಲಿತ ‘ಬಿಕಾಸ್’

"ಮೇಡಂ, ಯುವರ್ ಬ್ಲೌಸ್ ಈಸ್ ನಾಟ್ ರೆಡಿ!"

ಇಂಥ ಸುದ್ದಿಯನ್ನು ಇಷ್ಟು ಖುಷಿಯಿಂದ ಹೇಳುವ ಟೇಲರ್ ನಮ್ಮ ಅಫಜಲಪುರದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಮರುದಿನವೇ ಬಳಗದಲ್ಲಿ ಮದುವೆ. ನನಗೆ ಸಿಟ್ಟು ಬರಬೇಕಿತ್ತು. ನಾನು ಫೋನಿನಲ್ಲಿ ಕೇಳಿದ್ದು ಒಂದೇ: "ವೈ?"

"ಬಿಕಾಸ್ ದೇರ್ ವಾಸ್ ನೋ ಕರೆಂಟ್!"

"ಶಭಾಷ್!" ಎಂದೆ. ಬ್ಲೌಸ್ ಹೊಲಿಯದ ಟೇಲರಿಗೆ ಶಭಾಷ್ ಹೇಳಿದ ಗಿರಾಕಿಯೂ ಬಹುಶಃ ನಾನೊಬ್ಬಳೇ.

ಇದು ಶುರುವಾದದ್ದು ಅದಕ್ಕೂ ಮೂರು ವಾರ ಮೊದಲು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು (ಪ್ರತಿ ವಾರ ನನ್ನ ಗೋಳು ಓದುವ ನಿಮಗೆ ಅದು ಗೊತ್ತೇ ಇದೆ). ಹಿಂದಿನ ಓಣಿಯ ಶಹನಾಜ್ ಬೇಗಂ ಅವರ ಮನೆಗೆ ಅಳತೆ ಕೊಡಲು ಹೋಗಿದ್ದೆ. ನನ್ನ ಭುಜದ ಮೇಲೆ ಟೇಪ್ ಇಟ್ಟವರು ಅಳತೆ ಬರೆಯುವುದನ್ನೇ ಬಿಟ್ಟು ಕೇಳಿದರು.

"ಮೇಡಂ, ನನ್ನ ವಯಸ್ಸಿನಾಗ ಇಂಗ್ಲಿಷ್ ಬರ್ತದೇನ್ರಿ?"

ಊರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನರ್ಸರಿ ಟೀಚರ್ ಬೇಕಾಗಿದ್ದರು. ಶಹನಾಜ್ ಪಿಯುಸಿ ಮುಗಿಸಿ ನರ್ಸರಿ ಟ್ರೇನಿಂಗ್ ಮಾಡಿದವರು. ಆಮೇಲೆ ಮದುವೆ. ಸರ್ಟಿಫಿಕೇಟು ಹದಿನಾರು ವರ್ಷಗಳಿಂದ ಟ್ರಂಕಿನಲ್ಲಿತ್ತು. ಈಗ ಇಂಟರ್‌ವ್ಯೂ, ಅದೂ ಇಂಗ್ಲಿಷಿನಲ್ಲಿ.

"ಬರ್ತದ. ನಾಳಿಂದ ಸಂಜೀಕ ಬರ್ತೀನಿ" ಎಂದುಬಿಟ್ಟೆ.

ಶಬ್ದಗಳು ಅವರಿಗೆ ಸಾಕಷ್ಟು ಬರುತ್ತಿದ್ದವು. ಗಾಡಿ ನಿಲ್ಲುತ್ತಿದ್ದದ್ದು ಕಾರಣ ಹೇಳುವಲ್ಲಿ. "ಬಿಕಾಸ್ ಕರೆಂಟ್ ಗೋ, ಸೋ ಬಿಕಾಸ್ ಮಷೀನ್ ಸ್ಟಾಪ್" ಎನ್ನುವರು. ಒಂದೇ ವಾಕ್ಯದಲ್ಲಿ ಬಿಕಾಸ್, ಸೋ ಎರಡೂ ಬೇಡ, ಒಂದು ಸಾಕು ಎಂದೆ. ಮೊದಲು ವಿಷಯ ಹೇಳಿ, ಆಮೇಲೆ ಬಿಕಾಸ್ ಹಾಕಿ ಕಾರಣ ಹೇಳಿ ಎಂದೆ. (ಬಿಕಾಸ್ ವಾಕ್ಯದ ಮೊದಲಲ್ಲೂ ಬರಬಹುದು. ಆದರೆ ಆ ಗೊಂದಲ ಅವತ್ತೇ ಯಾಕೆ?)

ಶಹನಾಜ್ ಒಪ್ಪಲಿಲ್ಲ.

"ಅದ್ಹೆಂಗ್ರಿ? ಮೊದಲೇ ‘ಬ್ಲೌಸ್ ಆಗಿಲ್ಲ’ ಅಂದ್ರ ಗಿರಾಕಿ ಸಿಟ್ಟಾಗ್ತಾರ. ಮೊದಲು ಕರೆಂಟ್ ಹೋಗಿದ್ದು ಹೇಳಬೇಕು, ದಾರ ಕಡದಿದ್ದು ಹೇಳಬೇಕು. ಅವರು ಮೆತ್ತಗಾದ ಮ್ಯಾಲ ಬ್ಲೌಸಿನ ಮಾತು."

ಎಷ್ಟು ನಿಜ! ನಾವೆಲ್ಲ ಮಾತಾಡುವುದೇ ಹಾಗಲ್ಲವೇ? ಬಸ್ಸು ತಡ, ಮನೆಗೆ ಬಂದ ಬೀಗರು, ಮೈಯಲ್ಲಿ ಆರಾಮಿಲ್ಲ, ಅದಕ್ಕ... ಆ ‘ಅದಕ್ಕ’ ಬರುವಷ್ಟರಲ್ಲಿ ಕೇಳುವವರು ಅರ್ಧ ಕ್ಷಮಿಸಿರುತ್ತಾರೆ.

ಮನೆಯಲ್ಲಿ ಅವರ ಪ್ರಾಕ್ಟೀಸು ಜೋರಾಯಿತು. ಗಂಡ ಮಹಬೂಬ್ ಅವರದು ಪಂಪ್‌ಸೆಟ್ ರಿಪೇರಿ ಕೆಲಸ. ಒಂದು ಸಂಜೆ ಸೊನ್ನ ಎಂಬ ಹಳ್ಳಿಯಿಂದ ದಣಿದು ಬಂದವರು ನನ್ನೆದುರೇ ತಮಾಷೆಗೆ ಕೇಳಿದರು, "ವೈ ನೋ ಟೀ?"

"ನೋ ಟೀ ಬಿಕಾಸ್ ಆಫ್ ಇಂಗ್ಲಿಷ್!" ಎಂದರು ಶಹನಾಜ್, ಪುಸ್ತಕದಿಂದ ತಲೆ ಎತ್ತದೆ.

ಬಿಕಾಸ್ ಆಫ್ ಆದಮೇಲೆ ಪೂರ್ತಿ ವಾಕ್ಯ ಬರುವುದಿಲ್ಲ, ಒಂದು ನಾಮಪದ ಸಾಕು ಎಂದು ನಾನು ಎರಡು ದಿನದಿಂದ ಬಡಿದುಕೊಳ್ಳುತ್ತಿದ್ದೆ. ತಲೆಗೆ ಹೋಗಿತ್ತು! ಪಾಪ, ಮಹಬೂಬ್ ಅವರೇ ಎದ್ದು ಮೂವರಿಗೂ ಚಹಾ ಮಾಡಿದರು.

ಬ್ಲೌಸಿನ ಆ ಫೋನು ಬಂದ ಮೇಲಿನ ಶನಿವಾರ ಇಂಟರ್‌ವ್ಯೂ. ನಾನೂ ಜೊತೆಗೆ ಹೋದೆ. ಒಳಗೆ ಹೋಗುವಾಗ ಅವರ ಕೈ ಹಿಡಿದೆ. ಹೊರಗೆ ಬೇವಿನ ಮರದಡಿ ಕಾಯುತ್ತ ಕುಳಿತೆ. ಇಪ್ಪತ್ತು ನಿಮಿಷದ ಮೇಲೆ ಶಹನಾಜ್ ಬಂದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"ಏನ್ ಕೇಳಿದ್ರು?"

"ಹದಿನಾರು ವರ್ಷ ಯಾಕ ಕೆಲಸ ಮಾಡಿಲ್ಲ ಅಂತ ಕೇಳಿದ್ರು. ಅತ್ತಿಯವರಿಗೆ ಆರಾಮಿದ್ದಿಲ್ಲ, ಮಕ್ಕಳು ಸಣ್ಣವಿದ್ದವು, ಇವರು ಹಗಲೆಲ್ಲ ಊರೂರು ತಿರಗತಿದ್ರು. ಮೂರು ಬಿಕಾಸ್ ಬಾಯಿಪಾಠ ಮಾಡಿದ್ದೆನಲ್ರಿ, ಮೂರೂ ಖರೇನೇ. ಆದ್ರ ಒಂದೂ ಹೇಳ್ಬೇಕು ಅನಸಲಿಲ್ರಿ."

"ಮತ್ತ?"

"‘ಐ ವರ್ಕ್ಡ್, ಮೇಡಂ. ಎವೆರಿ ಡೇ’ ಅಂದೆ. ‘ಐ ಡಿಡ್ ನಾಟ್ ಟೀಚ್ ಬಿಕಾಸ್ ನೋಬಡಿ ಆಸ್ಕ್ಡ್ ಮಿ. ಟುಡೇ ಯು ಆಸ್ಕ್ಡ್’ ಅಂದೆ."

ಪ್ರಿನ್ಸಿಪಾಲ್ ಮೇಡಂ ಪೆನ್ನು ಕೆಳಗಿಟ್ಟರಂತೆ. ಆಮೇಲೆ ಕನ್ನಡದಲ್ಲೇ, "ಸೋಮವಾರದಿಂದ ಬರ್ರಿ" ಎಂದರಂತೆ.

"ಗ್ರಾಮರ್ ಬರೋಬ್ಬರಿ ಇತ್ತೇನ್ರಿ ಮೇಡಂ?" ಶಹನಾಜ್ ಆತಂಕದಿಂದ ಕೇಳಿದರು.

ಬರೋಬ್ಬರಿ ಇತ್ತು. ಹಾಗೆಂದು ಹೇಳಿ ಅವರನ್ನು ಅಪ್ಪಿಕೊಂಡೆ.

ಈಗ ಅವರ ಕ್ಲಾಸಿನಲ್ಲಿ ಪುಟಾಣಿಗಳು ಇಡೀ ದಿನ ವೈ, ವೈ ಎಂದು ಜೀವ ತಿನ್ನುತ್ತಾರಂತೆ. ಶಹನಾಜ್ ಒಂದೊಂದಕ್ಕೂ ಉತ್ತರ ಕೊಡುತ್ತಾರೆ.

ನನಗೆ ಮಾತ್ರ ಆ ‘ನೋಬಡಿ ಆಸ್ಕ್ಡ್ ಮಿ’ ತಲೆಯಿಂದ ಹೋಗಲೊಲ್ಲದು. ಭಾನುವಾರ ಮಧ್ಯಾಹ್ನ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದ ನನ್ನ ಅತ್ತೆಯನ್ನು ಕೇಳಿದೆ, "ಅತ್ತಿ, ನಿಮಗ ಏನರ ಕಲೀಬೇಕು ಅಂತ ಆಸೆ ಇತ್ತೇನ್ರಿ?"

ಎಪ್ಪತ್ತೊಂದರ ಅತ್ತೆ ಮೊರ ಪಕ್ಕಕ್ಕಿಟ್ಟರು. ಒಂದು ಗಳಿಗೆ ಯೋಚನೆಯನ್ನೂ ಮಾಡಲಿಲ್ಲ.

"ಸೈಕಲ್ ಹೊಡೀಬೇಕಂತ ಭಾಳ ಇತ್ತು ನೋಡವ್ವಾ. ಈಗ ಸ್ಕೂಟಿ ಆದ್ರೂ ನಡೀತದ."

ನಿಮ್ಮ ಮನೆಯಲ್ಲಿ ಯಾರನ್ನು ಇನ್ನೂ ಕೇಳಿಲ್ಲ?