ಚಂದಮ್ಮ ದೆವ್ವದ ಕೂಟಕ್ಕೆ ಹೋದದ್ದು

ಜರ್ಮನ್ ಲಡಾಯಿ ಮುಗಿಯುತ್ತಿದ್ದ ವರ್ಷ ಊರೂರಿಗೂ ಹಬ್ಬಿದ ಜ್ವರದಲ್ಲಿ ಕಮಲಾಪುರದ ಬಂಡಿ ಮರೆಪ್ಪ ಮೂರೇ ದಿನಕ್ಕೆ ತೀರಿಕೊಂಡ. ಕೆಂಬಾಳೆಯ ಗೊನೆಗಳನ್ನು ಬಂಡಿಗೆ ಹೇರಿಕೊಂಡು ಕಲಬುರ್ಗಿಯ ಗಂಜ್ ಪೇಟೆಗೆ ಹೋಗಿ ಬರುವುದು ಅವನ ಕಸುಬು. ಆದರೆ ಸುತ್ತಲ ಹಳ್ಳಿಗಳಲ್ಲಿ ಅವನಿಗೆ ಹೆಸರು ಬಂದದ್ದು ಬಾಳೆಹಣ್ಣಿನಿಂದಲ್ಲ, ದೆವ್ವದ ಕಥೆಗಳಿಂದ. ಅವನು ಬಾಯಿ ತೆರೆದರೆ ಹೊತ್ತು ನೆತ್ತಿಯ ಮೇಲಿದ್ದಾಗಲೂ ಹೆಣ್ಣುಮಕ್ಕಳು ಸೆರಗು ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದರು.

ಅವನ ಹೆಂಡತಿ ಚಂದಮ್ಮನಿಗೆ ಆಗ ಇಪ್ಪತ್ತಾರು ವರ್ಷ. ಮಕ್ಕಳಾಗಿರಲಿಲ್ಲ. ಅವಳನ್ನು ಹೆದರಿಸುವುದೆಂದರೆ ಮರೆಪ್ಪನಿಗೆ ಎಲ್ಲಿಲ್ಲದ ಖುಷಿ. ಅವಳು ರೊಟ್ಟಿ ಬಡಿಯುತ್ತಿದ್ದರೆ ಹಿಂದಿನಿಂದ ಬಂದು ಹೆಣದ ದನಿಯಲ್ಲಿ ಕರೆಯುತ್ತಿದ್ದ. ಅವಳು ಹಿಟ್ಟಿನ ಕೈಯಲ್ಲೇ ಅವನ ಬೆನ್ನಿಗೆ ಗುದ್ದುತ್ತಿದ್ದಳು.

ಒಮ್ಮೆ ಹಾಗೆ ಗುದ್ದಿಸಿಕೊಂಡು ನಕ್ಕು ಅವನು ಹೇಳಿದ್ದ: "ಚಂದೀ, ನಾ ಮೊದಲ ಸತ್ತೆ ಅಂದ್ರ ಸುಮ್ಮ ಹೋಗಾಂವಲ್ಲ. ತಿರುಗಿ ಬಂದು ಬಾಗಿಲ ಬಡೀತೀನಿ ನೋಡು."

"ಬಾ. ನಾ ಏನ್ ಬ್ಯಾಡಂದೀನಿ?" ಎಂದಿದ್ದಳು ಅವಳು.

ಅವನು ಹೋದ ಮೇಲೆ ಚಂದಮ್ಮ ಬಾಗಿಲಿಗೆ ಅಗಳಿ ಹಾಕುವುದನ್ನು ಬಿಟ್ಟಳು. ಮೊದಲು ಒಂಬತ್ತು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ. ಓಣಿಯವರು ಬೈದರು, ಕಳ್ಳಕಾಕರ ಮಾತು ಹೇಳಿದರು. ಅವಳು ಕೇಳಲಿಲ್ಲ. ಅಮಾವಾಸ್ಯೆಯ ದಿನ ಯಾರೂ ಹಾಯದ ಹುಣಸೆಮರದ ಬುಡದಲ್ಲಿ ಬೇಕೆಂದೇ ನಡೆದು ಬಂದಳು. ಮರೆಪ್ಪನ ಕಥೆಗಳಲ್ಲಿ ದೆವ್ವಗಳು ಬಂಡಿ ಹತ್ತುತ್ತಿದ್ದ ಹಳ್ಳದ ದಂಡೆಗೆ ಒಬ್ಬಳೇ ಹೋಗಿ, ಕಲ್ಲಿನ ಮೇಲೆ ಕುಳಿತು, ಕಪ್ಪೆಗಳ ಸದ್ದು ಕೇಳಿಸಿಕೊಂಡು ವಾಪಸು ಬಂದಳು. ಏನೂ ಕಾಣಲಿಲ್ಲ. ಊರಿನವರು ಇವಳಿಗೆ ಗಂಡಿನ ಧೈರ್ಯ ಎಂದರು. ಕೆಲವರು ತಲೆ ಕೆಟ್ಟಿದೆ ಎಂದರು.

ಹೊಟ್ಟೆಪಾಡಿಗೆ ಅವಳು ಬಾಳೆಯ ವ್ಯಾಪಾರವನ್ನೇ ಹಿಡಿದಳು. ಎತ್ತು ಬಂಡಿ ಮಾರಿ, ನೆರೆಯ ನಬಿಸಾಬನ ಬಂಡಿಯಲ್ಲಿ ಗೊನೆ ಹೇರಿಸಿ ಕಳಿಸುತ್ತಿದ್ದಳು. ಮಧ್ಯಾಹ್ನ ಹೆಂಗಸರೆಲ್ಲ ಹತ್ತಿ ಬಿಡಿಸಲು ಕೂತಾಗ, "ಚಂದಮ್ಮಾ, ಮರೆಪ್ಪಣ್ಣನ ಒಂದು ಕಥಿ ಹೇಳಬೇ" ಎಂದು ಗಂಟು ಬೀಳುತ್ತಿದ್ದರು. ಅವಳು ಹೇಳುತ್ತಿದ್ದಳು. ಅವನು ಎಲ್ಲಿ ದನಿ ಇಳಿಸುತ್ತಿದ್ದನೋ ಅಲ್ಲೇ ಇಳಿಸಿ, ಎಲ್ಲಿ ತಡೆಯುತ್ತಿದ್ದನೋ ಅಲ್ಲೇ ತಡೆದು. ಹೇಳುವಷ್ಟು ಹೊತ್ತು ಅವನು ಪಕ್ಕದಲ್ಲೇ ಕೂತಂತಿರುತ್ತಿತ್ತು. ಕಥೆ ಮುಗಿದೊಡನೆ ಎದ್ದು ಹೋದಂತಾಗುತ್ತಿತ್ತು.

ಹೀಗೆ ಏಳು ವರ್ಷ ಕಳೆದವು. ಒಂದು ದಿನ ನಬಿಸಾಬ ಕಲಬುರ್ಗಿಯಿಂದ ಬಂದವನೇ ಅವಳ ಅಂಗಳದಲ್ಲಿ ನಿಂತು ಹೇಳಿದ: "ಚಂದವ್ವಾ, ಒಂದು ಮಜಾ ಕೇಳು. ಅದಾಲತ್ತಿನ್ಯಾಗ ನಕಲು ಬರಿಯೋ ಫಕ್ರುದ್ದೀನ್ ಸಾಹೇಬ್ರು ಅದಾರ. ಅವರು ದೆವ್ವದ ಕಥಿ ಬರಿತಾರಂತ, ಹೈದರಾಬಾದಿನ ಪತ್ರಿಕಿನ್ಯಾಗ ಛಾಪಿಸ್ತಾರಂತ. ವರ್ಷಕ್ಕೊಮ್ಮಿ ಅವರ ಮನ್ಯಾಗ ಅಂಥಾ ಕಥಿ ಬರಿಯೋರು, ಓದೋರು, ಕೇಳೋ ಹುಚ್ಚಿನೋರು ಎಲ್ಲಾ ಕೂಡ್ತಾರ. ಬರೋ ಜುಮ್ಮಾದ ದಿನ ಅದ."

ಚಂದಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಅಂದ್ರ ಅವರು ದೆವ್ವ ನೋಡಿದವರು?"

"ಇಷ್ಟ ಬರೀತಾರ ಅಂದ್ರ ನೋಡೇ ಇರಬೇಕು" ಎಂದ ನಬಿಸಾಬ.

"ನನ್ನ ಕರಕೊಂಡು ಹೋಗಣ್ಣಾ" ಎಂದಳು.

ಶುಕ್ರವಾರ ನಮಾಜು ಮುಗಿದ ಮೇಲೆ ದರ್ಗಾದ ಕಡೆಯ ಒಂದು ಸಣ್ಣ ಗಲ್ಲಿಯಲ್ಲಿ, ಫಕ್ರುದ್ದೀನರ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಹೆಚ್ಚೆಂದರೆ ಹನ್ನೆರಡು ಮಂದಿ. ಜಮಖಾನೆ ಹಾಸಿತ್ತು, ನಡುವೆ ಚಹಾದ ಕೆಟಲಿ. ಕಾಗದದ ಕಟ್ಟು ತಂದಿದ್ದ ಮದರಸಾದ ಮಾಸ್ತರರೊಬ್ಬರು, ಕಲ್ಲಚ್ಚಿನ ಛಾಪಖಾನೆಯಲ್ಲಿ ದುಡಿಯುವ ಒಬ್ಬ, ಬರೆಯಲು ಬಾರದೆ ಬರೀ ಕೇಳಲೆಂದೇ ಬಂದ ದರ್ಜಿ ತುಕಾರಾಮ, ಇಂಥವರು. ಅಂಗಳದ ಒಂದು ಬದಿಗೆ ದಪ್ಪ ಪರದೆ ಇಳಿಬಿಟ್ಟಿತ್ತು. ಅದರ ಹಿಂದೆ ಮನೆಯ ಹೆಂಗಸರು ಕೂತಿದ್ದರು. ಚಂದಮ್ಮ ನಬಿಸಾಬನ ಜೊತೆ ಬಾಗಿಲ ಹತ್ತಿರ ಮುದುಡಿಕೊಂಡು ಕೂತಳು. ಅವಳು ತಂದಿದ್ದ ಕೆಂಬಾಳೆ ಎಲ್ಲರ ಕೈಗೂ ಹೋಯಿತು.

ಫಕ್ರುದ್ದೀನರು ತೆಳ್ಳನೆಯ ಮನುಷ್ಯ, ಬೆರಳ ತುಂಬ ಶಾಯಿ. ಅವರು ಆ ವರ್ಷದ ಹೊಸ ಕಥೆ ಓದಿದರು. ಕಚೇರಿಯ ಗುಮಾಸ್ತನೊಬ್ಬನ ಮೇಜಿನ ಮೇಲೆ ದಿನಾ ಮುಂಜಾನೆ ಒಂದು ಅರ್ಜಿ ಬಂದು ಬೀಳುತ್ತದೆ. ಅರ್ಜಿದಾರ ಸತ್ತು ಇಪ್ಪತ್ತು ವರ್ಷವಾಗಿದೆ. ಆದರೆ ಅರ್ಜಿಯ ಮೇಲಿನ ತಾರೀಖು ನಾಳೆಯದು, ಶಾಯಿ ಇನ್ನೂ ಹಸಿ. ಉರ್ದು ಓದು ಪೂರ್ತಿ ತಿಳಿಯದಿದ್ದರೂ ಸಂತೆಯ ಮಾತು ಕೇಳಿ ಬಲ್ಲ ಚಂದಮ್ಮನಿಗೆ ಮುಖ್ಯವಾದದ್ದೆಲ್ಲ ತಿಳಿಯಿತು. ಕೊನೆಯ ಅರ್ಜಿಯ ಮೇಲೆ ಗುಮಾಸ್ತನದೇ ಹೆಸರಿದ್ದ ಜಾಗಕ್ಕೆ ಬಂದಾಗ ಛಾಪಖಾನೆಯವನ ಕೈಯಿಂದ ಬಟ್ಟಲು ಜಾರಿತು. ಎಲ್ಲರೂ "ವಾಹ್ ವಾಹ್" ಎಂದರು.

ಆ ಸದ್ದು ತಗ್ಗಿದ ಮೇಲೆ ಚಂದಮ್ಮ ಕೇಳಿದಳು: "ಸಾಹೇಬ್ರ, ಆ ಸತ್ತಾಂವ ತಿರುಗಿ ಬಂದಿದ್ದು ಖರೇ ಏನ್ರಿ? ನೀವು ಕಣ್ಣಿಲೆ ನೋಡೀರಿ?"

ಯಾರೋ ಕಿಸಕ್ಕನೆ ನಕ್ಕರು. ಫಕ್ರುದ್ದೀನರು ನಗಲಿಲ್ಲ. "ಇಲ್ಲಮ್ಮಾ. ನಾನೇ ಕಟ್ಟಿದ್ದು."

"ನೀವ್ರಿ?" ಎಂದು ಮಾಸ್ತರರ ಕಡೆ ತಿರುಗಿದಳು.

"ನಾ ಕೇಳಿದ್ದು ಬರೆದೀನಿ ತಾಯಿ. ಹೇಳಿದವರೂ ಮತ್ತೊಬ್ಬರ ಕಡಿಂದ ಕೇಳಿದ್ದು."

ಒಬ್ಬೊಬ್ಬರನ್ನೂ ಕೇಳಿದಳು. ಒಬ್ಬರ ಮಾವನ ಗೆಳೆಯ ನೋಡಿದ್ದನಂತೆ. ಇನ್ನೊಬ್ಬರ ಅಜ್ಜಿ ಸಣ್ಣಾಕೆ ಇದ್ದಾಗ ನೋಡಿದ್ದಳಂತೆ. ಅಲ್ಲಿ ಕೂತವರಲ್ಲಿ ಯಾರ ಬಾಗಿಲಿಗೂ ಸತ್ತವರು ಬಂದಿರಲಿಲ್ಲ. ಇಡೀ ಕೂಟದಲ್ಲಿ ದೆವ್ವ ನಿಜವಾಗಿ ಇರಲೇಬೇಕು ಎಂದು ಬಯಸಿದವಳು ಅವಳೊಬ್ಬಳೇ. ಅದು ಅಲ್ಲಿದ್ದವರಿಗೂ ಹೊಳೆದಿರಬೇಕು, ನಗು ನಿಂತುಹೋಯಿತು.

"ಯಾರನ್ನ ನೋಡಬೇಕಾಗ್ಯಾದಮ್ಮ ನಿನಗ?" ಎಂದು ಫಕ್ರುದ್ದೀನರು ಮೆಲ್ಲಗೆ ಕೇಳಿದರು. ಚಂದಮ್ಮ ನಬಿಸಾಬನ ಕಡೆ ನೋಡಿದಳು. ನಬಿಸಾಬನೇ ನಾಲ್ಕು ಮಾತಿನಲ್ಲಿ ಮರೆಪ್ಪನ ವಿಷಯ ಹೇಳಿದ.

ಪರದೆಯ ಹಿಂದಿನಿಂದ ಫಕ್ರುದ್ದೀನರ ಹೆಂಡತಿ ಇಕ್ಬಾಲ್ ಬೇಗಮರ ದನಿ ಕೇಳಿಸಿತು: "ಆಕೀಗಿ ಒಳಗ ಕಳಸ್ರಿ."

ಒಳಗೆ ಐದಾರು ಹೆಂಗಸರು. ಇಕ್ಬಾಲ್ ಬೇಗಂ ತಂಬಿಗೆಯಲ್ಲಿ ನೀರು ಕೊಟ್ಟು ಕುಡಿಸಿದರು. ಆಮೇಲೆ, "ನಿಮ್ಮ ಮನಿಯವರದು ಒಂದು ಕಥಿ ಹೇಳ್ರಿ. ಹೊರಗಿನವರೂ ಕೇಳಲಿ. ನಿಮ್ಮವರೂ ಬರಿಯೋರ ಸಾಲಿನ್ಯಾಗ ಕೂಡೋರೇ ಅಲ್ಲೇನು?" ಎಂದರು.

ಮರೆಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಆ ಮಾತು ಚಂದಮ್ಮನ ಎದೆಗೆ ತಂಪಾಯಿತು. ಪರದೆಗೆ ಮುಖ ಮಾಡಿ ಕೂತು, ಅವನು ಬಹಳ ಸಲ ಹೇಳುತ್ತಿದ್ದ ಹಳ್ಳದ ಕಥೆ ತೆಗೆದಳು.

ಬಂಡಿಯವನೊಬ್ಬ ಗಂಜಿನಿಂದ ಊರಿಗೆ ಮರಳುತ್ತಿದ್ದಾನೆ. ಹಳ್ಳ ದಾಟುವಾಗ ಬಂಡಿಯ ಹಿಂದೆ ಏನೋ ಹತ್ತಿ ಕೂರುತ್ತದೆ. ಎತ್ತುಗಳು ನೊರೆ ಕಾರುತ್ತವೆ. ಅವನು ಹಿಂದೆ ನೋಡುವುದಿಲ್ಲ. ಹೆದರಿಕೆ ಹೋಗಲೆಂದು ಎತ್ತುಗಳ ಜೊತೆ ಗಟ್ಟಿಯಾಗಿ ಮಾತಾಡುತ್ತ ಹೊಡೆಯುತ್ತಾನೆ. ಹಿಂದೆ ಕೂತದ್ದು ಆ ದನಿಯನ್ನೇ ಕಲಿಯುತ್ತದೆ. ಊರು ಹತ್ತಿರ ಬಂದೊಡನೆ ಇಳಿದು, ಬಂಡಿಗಿಂತ ಮೊದಲೇ ಓಡಿ, ಅವನ ಮನೆಯ ಬಾಗಿಲು ಬಡಿಯುತ್ತದೆ. "ಬಾಗಿಲ ತಗಿ. ನಾ ಬಂದೀನಿ." ಗಂಡನ ದನಿ ಕೇಳಿ ಹೆಂಡತಿ ಬಾಗಿಲು ತೆಗೆಯುತ್ತಾಳೆ. ಬಂಡಿಯವನು ಮನೆ ಮುಟ್ಟಿದಾಗ ಬಾಗಿಲು ಹಾರು ಹೊಡೆದಿದೆ, ದೀಪ ಉರಿಯುತ್ತಿದೆ, ಹಂಚಿನ ಮೇಲೆ ರೊಟ್ಟಿ ಬಿಸಿ ಇದೆ. ಮನೆಯಲ್ಲಿ ಯಾರೂ ಇಲ್ಲ.

ಹೇಳಿ ನಿಲ್ಲಿಸಿದಳು. ಆಮೇಲೆ ಪರದೆಯ ಆಚೆಯಿಂದ ಒಂದು ಗಂಡುದನಿ ಹೇಳಿತು: "ಅಲ್ಲವ್ವಾ. ಆಕಿ ಬಾಗಿಲ ತಗಿಯಂಗಿಲ್ಲ."

ದರ್ಜಿ ತುಕಾರಾಮನ ದನಿ ಅದು. ಅವನೂ ಹಿಂದೆ ಗಂಜಿನಲ್ಲಿ ಬಂಡಿ ನಿಲ್ಲುವ ಕಡೆ ಗೋಣಿಚೀಲ ಹೊಲಿಯುತ್ತಿದ್ದವನು. ಅಲ್ಲಿ ಈ ಕಥೆ ಕೇಳಿದ್ದನಂತೆ. ಹೇಳಿದವನ ಊರು ಕಮಲಾಪುರ ಎಂಬುದು ನೆನಪಿತ್ತು, ಹೆಸರು ಈಗ ಗೊತ್ತಾಯಿತು. "ಅವರು ಹೇಳಿದ್ದು ಹಂಗೇ ಹೇಳ್ತೀನಿ ಕೇಳ್ರಿ" ಎಂದು ಅವನು ಶುರುಮಾಡಿದ. ದನಿ ಪರರದು, ಆದರೆ ಮಾತಿನ ನಡಿಗೆ ಮರೆಪ್ಪನದೇ. ಅದೇ ಎಳೆತ, ಅದೇ ತಡೆ. ಎದುರಿಗೆ ಬಟ್ಟೆಯೊಂದೇ ಕಾಣುತ್ತಿತ್ತು. ಚಂದಮ್ಮ ಕಣ್ಣು ಮುಚ್ಚಿಕೊಂಡಳು.

"ಹೆಂಡತಿ ಒಳಗಿಂದ ಕೇಳ್ತಾಳ: ನೀ ನನ್ನ ಗಂಡ ಆಗಿದ್ದರ, ಮನಿಗಿ ಬಂದ ಕೂಡಲೆ ಮೊದಲ ಏನ್ ಕೇಳ್ತಿ ಹೇಳು. ಅದು ಅಂತದ: ನೀರ ಕೊಡು. ಅಲ್ಲ ಅಂತಾಳ. ಅದು ಅಂತದ: ಹಸಿವ್ಯಾಗ್ಯಾದ, ಊಟಕ್ಕ ಹಾಕು. ಆಕಿ ನಗ್ತಾಳ. ನನ್ನ ಗಂಡ ಮೊದಲ ಕೇಳೋದು ತನ್ನ ಊಟ ಅಲ್ಲೋ ಭಾಡ್ಯಾ, ನಾ ಉಂಡೀನೋ ಇಲ್ಲೋ ಅಂತ ಕೇಳ್ತಾನ. ನಡಿ ಇಲ್ಲಿಂದ! ಅಷ್ಟರಾಗ ಬಂಡಿ ಬರ್ತದ. ಬಂಡಿ ಮ್ಯಾಗಿಂದ ಅಂವ ಒದರ್ತಾನ: ಏ, ಉಂಡಿ ಏನ?"

ಹೆಂಗಸರು ನಕ್ಕರು. ಹೊರಗೆ ಗಂಡಸರೂ ನಕ್ಕರು. ಮರೆಪ್ಪ ಊರಿಗೆ ಬಂದಾಗಲೆಲ್ಲ ಬಂಡಿಯ ಮೇಲಿಂದಲೇ ಹಾಗೆ ಕೇಳುತ್ತಿದ್ದುದನ್ನು ಬಲ್ಲವಳು ಆ ಹೆಂಗಸರಲ್ಲಿ ಚಂದಮ್ಮ ಒಬ್ಬಳೇ.

ತುಕಾರಾಮ ಇನ್ನೂ ಹೇಳುತ್ತಿದ್ದ: "ನಾ ಕೇಳಿದೆ ಅವರಿಗಿ, ಹೆಂಡತೀನ ಯಾಕ ಉಳಿಸ್ದಿ ಮಾರಾಯ, ಸತ್ತಿದ್ದರ ಕಥಿ ಇನ್ನಾ ಜೋರ ಆಗ್ತಿತ್ತು ಅಂತ. ಅದಕ್ಕ ಅಂದರು, 'ಮನ್ಯಾಗ ಹೇಳುವಾಗ ಸಾಯಿಸ್ತೀನಿ, ಆಕಿ ಅಂಜಲಿ ಅಂತ. ಇಷ್ಟು ದೂರ ಬಂದು ಕುಂತು ಆಕೀನ ಸಾಯಿಸಾಕ ನನಗ ಬಾಯಿ ಬರಂಗಿಲ್ಲ. ಮತ್ತ ಆಕಿ ಮೋಸ ಹೋಗಾಕಿ ಅಲ್ಲ. ನನ್ನ ಗುರ್ತ ಆಕೀಗಿ ಅದ.'"

ಚಂದಮ್ಮ ಇಕ್ಬಾಲ್ ಬೇಗಮರ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದಳು: "ನಮ್ಮವರಿಗಿ ಗೊತ್ತಿಲ್ಲರೀ. ನಾ ಆಗಿದ್ದರ ತಗೀತಿದ್ದೆ. ಈ ಏಳು ವರ್ಷದಾಗ ಯಾವುದೇ ಬಂದು ಆ ದನೀಲೆ ಒಮ್ಮಿ ಕರೆದಿದ್ದರೂ ತಗೀತಿದ್ದೆ."

ಇಕ್ಬಾಲ್ ಬೇಗಂ ಅವಳ ಕೈ ಹಿಡಿದುಕೊಂಡರು. ಕೂಟ ಮುಗಿಯುವವರೆಗೂ ಬಿಡಲಿಲ್ಲ.

ಆ ಕಥೆಯನ್ನು ಫಕ್ರುದ್ದೀನರು ಉರ್ದುವಿನಲ್ಲಿ ಬರೆದರು. ಯಾವ ಕೊನೆ ಹಾಕಲಿ ಎಂದು ಕೇಳಿದಾಗ ಚಂದಮ್ಮ, "ಮಂದೀಗಿ ಅಂಜಿಕಿ ಆಗೋದು ಹಾಕ್ರಿ. ಇನ್ನೊಂದು ನನಗಿರಲಿ" ಎಂದಳು. ಮರೆಪ್ಪನ ಹೆಸರಿನಲ್ಲೇ ಅದು ಅಚ್ಚಾಯಿತು.

ತುಕಾರಾಮನಿಗೆ ಆ ಒಂದು ಕಥೆ ಬಿಟ್ಟರೆ ಬೇರೆ ನೆನಪಿರಲಿಲ್ಲ. ಆದರೆ ಮರೆಪ್ಪ ಮನೆಯಿಂದ ದೂರದಲ್ಲಿ ಇನ್ನೇನೇನು ಹೇಳಿದ್ದನೋ ಎಂಬ ಹಂಬಲ ಚಂದಮ್ಮನಿಗೆ ಹತ್ತಿಬಿಟ್ಟಿತು. ಗಂಜಿನಲ್ಲಿ ಬಾಳೆ ಇಳಿಸುವ ನೆವದಲ್ಲಿ ತಾನೇ ಬಂಡಿಯ ಜೊತೆ ಬರತೊಡಗಿದಳು. ಹಮಾಲರನ್ನು, ಅಡತಿ ಅಂಗಡಿಯ ಮುದುಕರನ್ನು ವಿಚಾರಿಸಿದಳು. ಒಬ್ಬನಿಗೆ ಮರೆಪ್ಪನ ನಗು ಮಾತ್ರ ನೆನಪಿತ್ತು. ಇನ್ನೊಬ್ಬ ಅವನ ಎತ್ತುಗಳ ಬಣ್ಣ ಹೇಳಿದ, ಅದೂ ತಪ್ಪು. ವರ್ಷಕ್ಕೊಮ್ಮೆ ಕೂಟಕ್ಕೂ ತಪ್ಪದೆ ಹೋದಳು, ಪರದೆಯ ಹಿಂದೆ ಕೂತು ಕಥೆ ಹೇಳಿದಳು. ಐದನೆಯ ವರ್ಷ ಫಕ್ರುದ್ದೀನರಿಗೆ ಔರಂಗಾಬಾದಿಗೆ ವರ್ಗವಾಯಿತು. ಅವರ ಮನೆಯ ಸಾಮಾನು ಸ್ಟೇಷನ್ನಿಗೆ ಹೋದ ದಿನ ಇಕ್ಬಾಲ್ ಬೇಗಂ ಮತ್ತು ಅವಳು ಬಹಳ ಅತ್ತರು. ಆಮೇಲೆ ಕೂಟವನ್ನು ಯಾರೂ ನಡೆಸಲಿಲ್ಲ.

ಅದೇ ವರ್ಷ ಗಂಜಿನ ಒಬ್ಬ ಮುದುಕ ಹೇಳಿದ, ಕಲಬುರ್ಗಿಗೆ ಹತ್ತಿರದ ನಂದೂರಿನ ದೌಲಪ್ಪ ಎಂಬಾತ ಮರೆಪ್ಪನ ಜೊತೆ ಬಂಡಿ ಹೊಡೆಯುತ್ತಿದ್ದ, ಅವನಿಗೆ ಹತ್ತಾರು ಕಥೆ ಬಾಯಿಪಾಠ ಇದ್ದಾವು ಎಂದು. ಚಂದಮ್ಮ ಮರುದಿನವೇ ನಂದೂರಿಗೆ ನಡೆದಳು. ದೌಲಪ್ಪ ತೀರಿಕೊಂಡು ತಿಂಗಳಾಗಿತ್ತು. ಅವನ ಹೆಂಡತಿ ಅಂಬಮ್ಮ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ದೂರದಿಂದ ಬಂದಾಕೆ ಎಂದು ಮಜ್ಜಿಗೆ ಕೊಟ್ಟಳು. ಯಾಕೆ ಬಂದೆ ಎಂದು ಹೇಳಲು ಚಂದಮ್ಮ ಬಾಯಿ ತೆರೆಯುವಷ್ಟರಲ್ಲಿ ಅವಳೇ ಗಂಡನ ಮಾತು ತೆಗೆದಳು.

"ನಮ್ಮವರು ಭಾಳ ಛಂದ ಕಥಿ ಹೇಳ್ತಿದ್ದರವ್ವಾ. ದೆವ್ವದ ಕಥಿ. ಎಲ್ಲಾ ತಾವೇ ಕಟ್ಟಿದ್ವು. ಒಂದು ಹೇಳ್ಲೇನು?"

ಹೇಳಿದಳು. ಮೊದಲ ಸಾಲಿನಲ್ಲೇ ಚಂದಮ್ಮನಿಗೆ ತಿಳಿಯಿತು, ಅದು ಮರೆಪ್ಪನದು. ಎರಡನೆಯದೂ ಅವನದೇ. ಮೂರನೆಯದನ್ನು ಅವಳು ಎಂದೂ ಕೇಳಿರಲಿಲ್ಲ. ಅದು ಮರೆಪ್ಪನದೋ ದೌಲಪ್ಪನದೋ ಹೇಳುವವರು ಈಗ ಯಾರೂ ಉಳಿದಿರಲಿಲ್ಲ. ಅಂಬಮ್ಮ ಅದನ್ನು ಹೇಳುತ್ತ ಹೇಳುತ್ತ ಒಂದು ಕಡೆ ಮರೆತು ನಿಂತಳು, ಕಣ್ಣು ತುಂಬಿಕೊಂಡವು. "ಮುಂದ ಏನೋ ಅಂತಿದ್ದರು" ಎಂದು ಕಟ್ಟೆಯ ಕಲ್ಲನ್ನು ಸವರಿದಳು. "ದಿನಾ ಒಂದೊಂದು ಮಾತು ಹೊಂಟ್ಹೋಗಾಕತ್ತದ."

"ನೆನಪಾಗ್ತದ ಬಿಡ್ರಿ. ಅವಸರೇನದ?" ಎಂದಳು ಚಂದಮ್ಮ. ಮಜ್ಜಿಗೆಯ ಬಟ್ಟಲು ಕೆಳಗಿಟ್ಟು, "ಭಾಳ ಛಂದ ಕಟ್ಟ್ಯಾರ ನಿಮ್ಮವರು" ಎಂದಳು.

ಅಂಬಮ್ಮನ ಮುಖ ಅರಳಿತು. ಮುಂದಿನ ವಾರವೂ ಬಾ ಎಂದು ಕೈ ಹಿಡಿದು ಹೇಳಿದಳು. ಚಂದಮ್ಮ ಹೋದಳು. ಅಂಬಮ್ಮ ಬದುಕಿರುವ ತನಕ, ಕಲಬುರ್ಗಿಗೆ ಬಂದಾಗಲೆಲ್ಲ ಅವಳ ಕಟ್ಟೆಯ ಮೇಲೆ ಕೂತು, ಮರೆತುಹೋದ ಆ ಮೂರನೆಯ ಕಥೆಯ ಮುಂದಿನ ಮಾತಿಗಾಗಿ ಕಾದಳು.