ಮೂರನೇ ಮಹಡಿ ಖಾಲಿಯಿದ್ದ ದಿನ

ಜಾವಾದ ಸೆಮಾರಾಂಗಿನ ಆ ಸರ್ಕಾರಿ ಕಟ್ಟಡದಲ್ಲಿ ಯಾರಿಗೆ ಯಾವ ಕೋಣೆ, ಯಾವ ಏಸಿ ಎಷ್ಟು ಹೊತ್ತು ಓಡಬೇಕು, ಲಿಫ್ಟ್ ಕೆಟ್ಟರೆ ಯಾರನ್ನು ಬೈಯಬೇಕು ಎಂಬುದೆಲ್ಲ ಬು ವರ್ಸಿತಿಯ ಜವಾಬ್ದಾರಿ. ಅಲ್ಲಿ ಮರ್ಯಾದೆಗೆ ಹೆಂಗಸರನ್ನು 'ಬು', ಗಂಡಸರನ್ನು 'ಪಾಕ್' ಎನ್ನುತ್ತಾರೆ. ಟೈಪಿಸ್ಟಾಗಿ ಸೇರಿ ಮೇಲ್ವಿಚಾರಕಿಯಾದವಳು. ಕರೆಂಟಿನ ವಿಷಯದಲ್ಲಿ ಮಹಾ ಜಿಪುಣಿ. "ನಮ್ಮ ಮನೆಯವಳು ಬೇರೆಯವರ ಮದುವೆಗೆ ಹೋದ್ರೂ ಫ್ಯಾನ್ ಆರಿಸಿ ಬರ್ತಾಳೆ" ಎಂದು ಗಂಡ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವಳಿಗೂ ಒಳಗೊಳಗೇ ಹೆಮ್ಮೆ.

ಖಾಲಿ ಬಿದ್ದ ಸರ್ಕಾರಿ ಮಹಡಿಗಳನ್ನು ಮುಚ್ಚಿ ಖರ್ಚು ಉಳಿಸಿ ಎಂದು ಜಕಾರ್ತದಿಂದ ಆಜ್ಞೆ ಬಂತು. ನೋಡಿಹೋಗಲು ಬಂದವರು ಪಾಕ್ ಪರ್ದೆದೆ. ಸುಮಾತ್ರಾ ಕಡೆಯ ಬತಕ್ ಜನ, ಗುಡುಗಿನ ಗಂಟಲು, ಕಡ್ಡಿ ಮುರಿದಂತೆ ಮಾತು.

ಅವರು ಬಂದ ದಿನವೇ ಮೂರನೇ ಮಹಡಿಯಲ್ಲಿ ನರಪಿಳ್ಳೆ ಇರಲಿಲ್ಲ. ಆ ಮಹಡಿಯನ್ನು ವರ್ಷಾನುಗಟ್ಟಲೆ ಗುಡಿಸಿದ ತುಮಿರಾಳ ಗಂಡ ಬೆಳಗಿನ ಜಾವ ತೀರಿಕೊಂಡಿದ್ದ. 'ಯೂ', ಅಂದರೆ ಅಕ್ಕ, ಎಂದೇ ಎಲ್ಲರೂ ಅವಳನ್ನು ಕರೆಯುತ್ತಿದ್ದುದು. ಸಾವಿನ ಮನೆಗೆ ಹೋಗದೆ ಕುರ್ಚಿ ಕಾಯುವವನನ್ನು ಜಾವಾದಲ್ಲಿ ಯಾರೂ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುಮಾಸ್ತರಿಂದ ಸಾಹೇಬರವರೆಗೆ ಎಲ್ಲರೂ ಹೋಗಿದ್ದರು. ಬಂದ ಅತಿಥಿಯನ್ನು ನೋಡಿಕೊಳ್ಳಲು ವರ್ಸಿತಿ ಒಬ್ಬಳೇ ಉಳಿದಿದ್ದಳು.

"ಏನ್ ಬು, ಇಷ್ಟು ದೊಡ್ಡ ಮಹಡಿ, ಪೂರ್ತಿ ಖಾಲಿನಾ?"

"ಇಂಗ್ಗಿಹ್, ಪಾಕ್."

"ಇರೋ ನಾಕು ಜನಾನ ಕೆಳಗೆ ಕೂರಿಸಿ ಇದನ್ನ ಮುಚ್ಚಿಬಿಡಬಹುದಲ್ವಾ?"

"ಇಂಗ್ಗಿಹ್."

ಇಂಗ್ಗಿಹ್ ಅಂದರೆ ಹೂಂ, ಆದರೆ ಇದು ಒಪ್ಪಿಗೆಯಲ್ಲ ಮಾರಾಯರೆ! ಕಥೆ ಕೇಳುವವರು ಹೂಂಗುಟ್ಟುವುದಿಲ್ಲವೇ, ಹಾಗೆ. ಕೇಳಿಸಿತು, ಮುಂದೆ ಹೇಳಿ ಎಂದಷ್ಟೇ. ದೊಡ್ಡವರಿಗೆ ಮುಖಕ್ಕೆ ಹೊಡೆದ ಹಾಗೆ 'ಇಲ್ಲ' ಎನ್ನುವುದುಂಟೇ? ಕೂರಿಸಿ, ಸಿಹಿ ಚಹಾ ಕೊಟ್ಟು, ಹೆಂಡತಿ ಮಕ್ಕಳನ್ನು ವಿಚಾರಿಸಿ, ಆಮೇಲೆ ಮೆಲ್ಲಗೆ 'ಆದರೆ' ಎಂದು ಶುರುಮಾಡಬೇಕು. ವರ್ಸಿತಿ ಚಹಾ ಮಾಡಿಸಿಯೂ ಇಟ್ಟಿದ್ದಳು. ಪರ್ದೆದೆ ಕೂರಲೇ ಇಲ್ಲ. ಇನ್ನೂ ಎರಡು ಕಟ್ಟಡ ನೋಡಬೇಕೆಂದು ಕಾರು ಹತ್ತಿದರು.

ವಾರ ತುಂಬುವುದರೊಳಗೆ ಆದೇಶ ಬಂತು. ಮೂರನೇ ಮಹಡಿ ಬಂದ್. ಮೇಜುಗಳೆಲ್ಲ ಕೆಳಗಿನ ಕೋಣೆಗಳಲ್ಲಿ ತುರುಕಿಕೊಳ್ಳಬೇಕು. ಗುಮಾಸ್ತರ ನೌಕರಿಗೆ ಧಕ್ಕೆಯಿಲ್ಲ. ಗುಡಿಸುವ ಮಹಡಿಯೇ ಇಲ್ಲವಾದ ಮೇಲೆ ಗುಡಿಸುವವಳು ಬೇಡ. ವರ್ಸಿತಿ ತಕ್ಷಣ ಪರ್ದೆದೆಯವರಿಗೆ ಫೋನ್ ಮಾಡಿದಳು.

"ಪಾಕ್, ಅವತ್ತು ನಮ್ಮೋರೆಲ್ಲ ಒಂದು ಸಾವಿಗೆ ಹೋಗಿದ್ರು..."

"ಅಯ್ಯೋ ಬು, ಬಾಯಿಬಿಟ್ಟು ಕೇಳಿದ್ನಲ್ಲ! ನೀವು ಹೂಂ ಅಂದ್ರಿ. ನಮ್ಮ ಕಡೆ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಅವತ್ತೇ ಹೇಳಿದ್ರೆ ನಾನೂ ಆ ಮನೆಗೆ ಹೋಗಿ ಬರ್ತಿದ್ದೆ. ಈಗ ಮೇಲಿನವರ ಸಹಿ ಆಗಿಹೋಗಿದೆ." ಕೊನೆಕೊನೆಗೆ ಆ ಗುಡುಗಿನ ಗಂಟಲೂ ಇಳಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡದೆ ಉಳಿದ ಮಾತು ಒಬ್ಬಳ ಅನ್ನ ಕಿತ್ತುಕೊಂಡಿತ್ತು. ವರ್ಸಿತಿಗೆ ತನ್ನ ನಯವಿನಯದ ಮೇಲೆಯೇ ಹೇಸಿಗೆ ಹುಟ್ಟಿತು.

ಏಳನೆಯ ದಿನದ ಪ್ರಾರ್ಥನೆ ಮುಗಿಸಿ ತುಮಿರಾ ಬಂದಳು, ಎಲ್ಲರಿಗೂ ಬಾಳೆಲೆಯಲ್ಲಿ ಕಟ್ಟಿದ ಅನ್ನ ಹೊತ್ತುಕೊಂಡು.

"ಬು, ನಮ್ಮ ಮಹಡಿಯವರು ಒಬ್ರೂ ತಪ್ಪಿಸ್ಲಿಲ್ಲ ನೋಡಿ. ಸಾಹೇಬ್ರೇ ಚಾಪೆ ಮೇಲೆ ಕೂತಿದ್ರು! ಓಣಿಯವರು ಕಣ್ಣು ಬಿಟ್ಟುಕೊಂಡು ನೋಡಿದ್ರು. ನಾಳೆಯಿಂದ ಕೆಲಸಕ್ಕೆ ಬರ್ಲಾ?"

ವರ್ಸಿತಿ ಸುತ್ತಿ ಬಳಸಲಿಲ್ಲ. "ಬೇಡ ಯೂ. ನಿಮ್ಮ ಕೆಲಸ ಹೋಯ್ತು. ಅವತ್ತು ಎಲ್ಲರೂ ನಿಮ್ಮ ಮನೇಲಿದ್ರು, ಜಕಾರ್ತದವರು ಬಂದು ಮಹಡಿ ಖಾಲಿ ಅಂದ್ಕೊಂಡ್ರು. ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ."

ತುಮಿರಾ ಪೊಟ್ಟಣಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು.

"ನಮ್ಮ ಮಹಡಿಯವರು ಸಾವಿಗೆ ಬರದೇ ಇದ್ದಿದ್ರೆ ಕೆಲಸ ಉಳೀತಿತ್ತಾ, ಬು?"

"ಉಳೀತಿತ್ತು."

ತುಮಿರಾ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಮಹಡಿಯವರಿಗೆ ಇದನ್ನ ಹೇಳ್ಬೇಡಿ. ಇನ್ನೊಬ್ಬರ ಮನೇಲಿ ಸಾವಾದ್ರೆ ಹೋಗೋಕೆ ಹೆದರ್ತಾರೆ."