ಸೇರಬಾರದ ಚೀಲ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಕಾಯಿ ಸುಲಿಯುವಾಗ ಮಚ್ಚು ತಾಗಿದ್ದು. ಲ್ಯಾಪ್‌ಟಾಪಿನ ಮೇಲೆ ಆ ಉಗುರೊಂದೇ ಬೇರೆ ಸದ್ದು ಮಾಡುತ್ತಿತ್ತು.

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಅವಳಿಗೆ ಕೆಲಸ. ಮಂಡಿಗೆ ಬಂದ ಚೀಲಗಳ ಸಾಲನ್ನು ಜೋಡಿಸಲು ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಿದ್ದಳು. ಒಬ್ಬನೇ ರೈತನ, ಒಂದೇ ಗ್ರೇಡಿನ ಚೀಲಗಳು ಕೂಡಿ ಒಂದು ಲಾಟ್ ಆಗಬೇಕು. ಉಳಿದವು ಇದ್ದಲ್ಲೇ ಇರಬೇಕು. ಎಸ್ಸೆಸ್ಸೆಲ್ಸಿ ದಾಟದ ನನಗೆ ಅದನ್ನು ಅಟ್ಟದ ಮೇಲೆ ಕಾಯಿ ಸಾಲಿಟ್ಟು ಕಲಿಸಿದಳು. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗೆ ಗುಡುಗುಡು ಅಂದರೆ ಕೊಬ್ಬರಿಯಾಗಿದೆ ಎಂದರ್ಥ.

"ಅಲ್ಲಾಡೋವ್ನ ಮಾತ್ರ ಒಂದು ಚೀಲಕ್ಕೆ ತುಂಬ್ಲಾ. ಹಸೀದು ಒಂದು ಸೇರ್ಕಂಡ್ರೆ ಚೀಲವೆಲ್ಲ ಬೂಷ್ಟು. ರೂಬಿಗೂ ಇಷ್ಟೇ ಹೇಳಿರೋದು ನಾನು."

"ಹಂಗಾದ್ರೆ ಕಾಯಿ ಆರ್ಸೋ ನಮ್ಮಜ್ಜಿನೂ ಪ್ರೋಗ್ರಾಮರ್ರೇ ಬುಡಕ್ಕ" ಅಂದೆ. ನಗುತ್ತಾ ತಲೆಗೆ ಮೊಟಕಿದಳು.

ಕಿಡ್ನಿ ಕೆಟ್ಟು ಅವಳು ಹಾಸಿಗೆ ಹಿಡಿದಾಗ ಆ ಕೆಲಸಕ್ಕೆ ನಾನು ಹೋದೆ. ಒಂದು ಹರಾಜಿನ ಬೆಳಿಗ್ಗೆ ಪ್ರೋಗ್ರಾಮ್ ನಿಂತೇ ಹೋಯಿತು. ಯಾವುದೋ ಚೀಲಕ್ಕೆ ಗ್ರೇಡ್ ಬರೆಯುವುದನ್ನು ನಾನೇ ಮರೆತಿದ್ದೆ. ಅಕ್ಕನಿಗೆ ಫೋನ್ ಮಾಡಬಹುದಿತ್ತು. ಕೇಳಲು ನಾಚಿಕೆಯಾಗಿ, ಪ್ರೋಗ್ರಾಮಿನಲ್ಲಿ ಗ್ರೇಡ್ ನೋಡುವ ಸಾಲನ್ನೇ ಅಳಿಸಿಬಿಟ್ಟೆ. ಪ್ರೋಗ್ರಾಮ್ ಓಡಿತು. ಅರಳಗುಪ್ಪೆಯ ರೈತನೊಬ್ಬನ ಬೂಷ್ಟು ಹಿಡಿದ ಚೀಲ ಅವನ ಒಳ್ಳೆಯ ಚೀಲಗಳ ಜೊತೆ ಸೇರಿಕೊಂಡಿತು. ಖರೀದಿದಾರ ಇಡೀ ಲಾಟನ್ನೇ ಬೇಡವೆಂದ.

"ನಿಮ್ಮಕ್ಕ ಬರ್ದಿದ್ದೇ ತಪ್ಪೇನಪ್ಪಾ?" ಮಂಡಿ ಯಜಮಾನರು ಕೇಳಿದರು.

"ಹೂಂ ಸಾರ್" ಅಂದೆ. ಆ ಸಾಲನ್ನು ಸದ್ದಿಲ್ಲದೆ ಮತ್ತೆ ಬರೆದೆ.

ಲಾಟ್‌ಗಳು ಸರಿಯಾದದ್ದು ನೋಡಿ "ಅಕ್ಕನಿಗಿಂತ ನೀನೇ ವಾಸಿ ಕಣಪ್ಪ" ಅಂದರು. ಅವಳ ಕೆಲಸ ನನ್ನದೇ ಆಯಿತು.

ಸುದ್ದಿ ಅಕ್ಕನಿಗೂ ಮುಟ್ಟಿತು. ಲ್ಯಾಪ್‌ಟಾಪ್ ಮಂಡಿಯಲ್ಲಿತ್ತು. ಮಲಗಿದಲ್ಲೇ ನೆನಪಿನಿಂದ ಒಂದೊಂದೇ ಸಾಲು ಹೇಳಿಕೊಂಡು ತಪ್ಪು ಹುಡುಕತೊಡಗಿದಳು. ಅನ್ನ ಸೇರದಾಯಿತು.

"ಎಲ್ಲಿ ತಪ್ಪಿದ್ದೆ ಹೇಳ್ಲಾ. ತಿಳಿದ್ರೆ ನಿದ್ದೆ ಬತ್ತೈತೆ."

ನಿಜ ತುಟಿಯವರೆಗೂ ಬಂತು. ಅಮ್ಮ ಅಲ್ಲೇ ಕೂತಿದ್ದಳು.

"ಗ್ರೇಡ್ ನೋಡೋ ಸಾಲೇ ಬರ್ದಿರ್ಲಿಲ್ಲ ಕಣಕ್ಕ ನೀನು" ಅಂದೆ.

ಅವಳ ಬೆರಳುಗಳು ಹೊದಿಕೆಯ ಮೇಲೆ ಆ ಸಾಲನ್ನು ಟೈಪ್ ಮಾಡಿ ನೋಡಿದವು. "ಬರ್ದಂಗಿತ್ತಲ್ಲ… ಪಾಪ, ಆ ರೈತಂಗೆ ನನ್ನಿಂದ ಅನ್ಯಾಯ ಆಯ್ತು. ನಮ್ಮಕ್ಕ ತಪ್ಪಾಯ್ತು ಅಂದ್ಲು ಅಂತ ಹೇಳ್ಬುಡು."

ಆ ವಾರವೇ ಅಕ್ಕ ಹೋದಳು. ಆ ರೈತ ಈಗಲೂ ಮಂಡಿಗೆ ಬರುತ್ತಾನೆ, "ಚೆನ್ನಾಗಿದ್ದೀಯೇನಪ್ಪಾ" ಅನ್ನುತ್ತಾನೆ. ಅವಳ ಮಾತನ್ನು ತಲುಪಿಸಿದರೆ ಅವಳ ಮೇಲೆ ಇನ್ನೊಂದು ಸುಳ್ಳು ಹೊರಿಸಿದಂತೆ. ಸಾಲು ಅಳಿಸಿದ್ದು ನಾನೇ ಎನ್ನಲು ಧೈರ್ಯವಿಲ್ಲ. ತಲೆ ತಗ್ಗಿಸಿ ಅವನ ಚೀಲಗಳಿಗೆ ಗ್ರೇಡ್ ಬರೆಯುತ್ತೇನೆ.